ಎಲೆ ನೋಡುವ ಕಣ್ಣು ದನದ ಮೈಯನ್ನೂ ನೋಡಲಿ

ಕಳೆದ ಮುಂಗಾರಿನಲ್ಲಿ ರೈತರೊಬ್ಬರ ರಾಗಿ ಹೊಲ ನೋಡಲು ಹೋಗಿದ್ದೆ. ಪೈರಿಗೆ ಆಗ ತಿಂಗಳು ತುಂಬಿತ್ತು. ಅವರು ನನ್ನನ್ನು ಹೊಲದ ನಡುವಿಗೆ ಕರೆದುಕೊಂಡು ಹೋಗಿ, ಒಂದು ಗರಿಯನ್ನು ಬಗ್ಗಿಸಿ ಹಿಡಿದು, ಅದರ ಮೇಲೆ ಸಾಸಿವೆ ಕಾಳಿನಷ್ಟಿದ್ದ ಕಂದು ಚುಕ್ಕೆಯನ್ನು ತೋರಿಸಿದರು. "ಸಾರ್, ಇದು ಬೆಂಕಿ ರೋಗವೇ ಇರಬೇಕಲ್ಲ? ಈಗಲೇ ಔಷಧಿ ಹೊಡೆಯಬೇಕೋ, ನಾಲ್ಕು ದಿನ ಕಾಯಬಹುದೋ?" ಎಂದು ಕೇಳಿದರು. ಅಷ್ಟು ದೊಡ್ಡ ಹೊಲದಲ್ಲಿ ಅಷ್ಟು ಚಿಕ್ಕ ಚುಕ್ಕೆಯನ್ನು ಗುರುತಿಸಿದ ಅವರ ಕಣ್ಣಿನ ಬಗ್ಗೆ ನನಗೆ ಗೌರವವೆನಿಸಿತು.

ಹಿಂದಿರುಗುವಾಗ ಬದುವಿನ ಹೊಂಗೆ ಮರದ ನೆರಳಿನಲ್ಲಿ ಅವರ ಜೋಡೆತ್ತುಗಳು ನಿಂತಿದ್ದವು. ಎಡಗಡೆಯ ಎತ್ತಿನ ಹೆಗಲಿನ ಮೇಲೆ ಅಂಗೈ ಅಗಲದ ಹಸಿ ಗಾಯ. ನೊಣ ಮುತ್ತಿಕೊಂಡಿದ್ದವು. ಎತ್ತು ಬಾಲ ಬೀಸಿ ಬೀಸಿ ಸೋತು, ಕೊನೆಗೆ ತಲೆ ತಗ್ಗಿಸಿ ನಿಂತಿತ್ತು. "ಇದು ಎಷ್ಟು ದಿನದ್ದು?" ಎಂದು ಕೇಳಿದೆ. "ಅದಾ ಸಾರ್, ಒಂದು ತಿಂಗಳಾಯ್ತೇನೋ. ನೊಗದ ಗಾಯ, ತಾನಾಗೇ ಮಾಯುತ್ತೆ. ನೀವು ಬೆಳೆ ನೋಡೋಕೆ ಬಂದೋರು, ದನದ ಮೈ ಯಾಕೆ ನೋಡ್ತೀರಿ ಬಿಡಿ" ಎಂದು ನಕ್ಕರು.

ಅವರ ಮಾತಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ನಾನು ಬೇಸಾಯಶಾಸ್ತ್ರ ಓದಿದವನು, ಪಶುವೈದ್ಯನಲ್ಲ. ಆದರೆ ಸಾಸಿವೆ ಕಾಳಿನಷ್ಟು ಚುಕ್ಕೆಗೆ ವಿಜ್ಞಾನಿಯನ್ನು ಕರೆಸಿದ ಮನೆಯಲ್ಲಿ ಅಂಗೈ ಅಗಲದ ಗಾಯ ಒಂದು ತಿಂಗಳು ಯಾರ ಕಣ್ಣಿಗೂ ಬೀಳದೆ ಹೋದದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ. ದನಗಳ ಚರ್ಮದ ಸಣ್ಣಪುಟ್ಟ ತೊಂದರೆಗಳನ್ನು ನಾವು ತೀರ ಹಗುರವಾಗಿ ಕಾಣುತ್ತಿದ್ದೇವೆ. ಎಲೆಯ ಚುಕ್ಕೆಯನ್ನು ಮೊದಲ ದಿನವೇ ಗುರುತಿಸುವ ರೈತ ದನದ ಮೈಯ ಮೇಲಿನ ಚುಕ್ಕೆಯನ್ನೂ ಮೊದಲ ದಿನವೇ ಗುರುತಿಸಬಲ್ಲ. ಅದಕ್ಕೆ ಬೇಕಾದದ್ದು ದುಬಾರಿ ಔಷಧಿಯಲ್ಲ, ದಿನಕ್ಕೆ ಐದು ನಿಮಿಷದ ಕೈಕೆಲಸ. ಇದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಮನೆಯ ಒಂದು ಮುಂಗಾರು

ಈ ಮಾತನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. 1993ರಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಅವುಗಳಲ್ಲಿ ಒಂದು ಇನ್ನೊಂದಕ್ಕಿಂತ ನಾಲ್ಕು ಬೆರಳು ಎತ್ತರ. ಮುಂಗಾರಿನ ಮೊದಲ ಉಳುಮೆ ಮುಗಿಸಿ ಬಂದ ಸಂಜೆ ಹುಲ್ಲು ಹಾಕುವಾಗ ಎತ್ತರದ ಎತ್ತಿನ ಹೆಗಲ ಮೇಲೆ ಕೈಯಿಟ್ಟೆ. ನಿಂಬೆಹಣ್ಣಿನ ಗಾತ್ರದ ಊತ, ಮುಟ್ಟಿದರೆ ಬಿಸಿ. ಎತ್ತು ಮೈ ಝಾಡಿಸಿತು. ಅಪ್ಪನಿಗೆ ಹೇಳಿದೆ. "ಬಿತ್ತನೆ ಮುಗೀಲಿ ಬಿಡು, ಆಮೇಲೆ ನೋಡೋಣ" ಎಂದರು. ಮಳೆ ಬಂದು ಭೂಮಿ ಹದವಾಗಿತ್ತು. ಅವರ ಅವಸರಕ್ಕೂ ಕಾರಣವಿತ್ತು.

ಮರುದಿನ ನೊಗ ಮಳೆಯಲ್ಲಿ ನೆನೆಯಿತು. ಮೂರನೆಯ ದಿನ ಚರ್ಮ ಕಿತ್ತುಬಂತು. ವಾರದೊಳಗೆ ಗಾಯದಲ್ಲಿ ಹುಳು ಬಿತ್ತು. ಎತ್ತು ನೊಗ ಕಂಡರೆ ಹಿಂದೆ ಸರಿಯತೊಡಗಿತು. ಬಾಡಿಗೆ ಎತ್ತಿಗಾಗಿ ಅಪ್ಪ ಊರೂರು ಅಲೆದರು. ಬಿತ್ತನೆಯ ಕಾಲದಲ್ಲಿ ಯಾರ ಎತ್ತು ತಾನೇ ಬಿಡುವಾಗಿರುತ್ತದೆ? ನಮ್ಮ ಬಿತ್ತನೆ ಮೂರು ವಾರ ತಡವಾಯಿತು. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆ ವರ್ಷ ಮನೆಗೆ ಬಂದ ರಾಗಿ ಯುಗಾದಿಯವರೆಗೂ ಬರಲಿಲ್ಲ. ಹೆಗಲ ಮೇಲೆ ಗಟ್ಟಿ ಗೆಡ್ಡೆ ಕಟ್ಟಿದ ಆ ಎತ್ತನ್ನು ಜಾತ್ರೆಯಲ್ಲಿ ಅರ್ಧ ಬೆಲೆಗೆ ಕೊಟ್ಟು ಬಂದರು. ಅಂದು ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಬಿತ್ತನೆಯ ಸಮಯಕ್ಕೂ ಇಳುವರಿಗೂ ಇರುವ ಸಂಬಂಧವನ್ನು ಆಮೇಲೆ ನಾನು ಕಾಲೇಜಿನಲ್ಲಿ ಓದಿದೆ. ಆದರೆ ಆ ವರ್ಷ ನಮ್ಮ ಇಳುವರಿ ಕಡಿಮೆಯಾದದ್ದು ಮೂರು ದಿನ ಬಿಡುವು ಸಿಗದ ಒಂದು ಹೆಗಲಿನಿಂದ. ಈ ಕಾರಣಕ್ಕಾಗಿಯೇ ಎತ್ತಿನ ಹೆಗಲೂ ಬೇಸಾಯಶಾಸ್ತ್ರದ ವಿಷಯವೆಂದು ನಾನು ತಿಳಿದಿದ್ದೇನೆ.

ಕೈ ತಪ್ಪಿದ್ದು ಎಲ್ಲಿ?

ಹಿಂದೆ ಉಳುಮೆ ಮುಗಿದ ಮೇಲೆ ಎತ್ತುಗಳನ್ನು ಕೆರೆಗೆ ಇಳಿಸಿ, ಹುಲ್ಲಿನ ಉಂಡೆಯಿಂದ ಮೈ ಉಜ್ಜಿ ತೊಳೆಯುತ್ತಿದ್ದರು. ಅದು ಸ್ನಾನವೂ ಹೌದು, ತಪಾಸಣೆಯೂ ಹೌದು. ಕೈ ಮೈಮೇಲೆ ಆಡುವಾಗ ಉಣ್ಣೆ, ಊತ, ಕಜ್ಜಿ, ಗಾಯ ಎಲ್ಲವೂ ಬೆರಳಿಗೆ ತಾಗುತ್ತಿದ್ದವು. ಈಗ ಅನೇಕ ಕಡೆ ಕೆರೆಯಲ್ಲಿ ನೀರಿಲ್ಲ, ಎತ್ತುಗಳ ಸಂಖ್ಯೆ ಇಳಿದಿದೆ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕೊಟ್ಟಿಗೆಯಲ್ಲಿ ಮಿಶ್ರತಳಿ ಹಸುಗಳಿವೆ. ಅವುಗಳ ಬಳಿಗೆ ನಾವು ಹೋಗುವುದು ದಿನಕ್ಕೆ ಎರಡು ಸಲ, ಹಾಲು ಕರೆಯಲು. ಕೈ ಮುಟ್ಟುವುದು ಕೆಚ್ಚಲನ್ನು ಮಾತ್ರ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಪೂಜಿಸುವ ನಮ್ಮ ಕೈ ವರ್ಷದ ಉಳಿದ ದಿನಗಳಲ್ಲಿ ಎಲ್ಲಿ ಹೋಗುತ್ತದೆ ಎಂದು ಕೇಳಿಕೊಳ್ಳಬೇಕಾಗಿದೆ.

ಇದರಲ್ಲಿ ನಮ್ಮಂಥವರ ಪಾಲೂ ಇದೆ. ಹಿಂದೆ ಹೆಬ್ಬಾಳದಲ್ಲಿ ಬೆಳೆಯನ್ನೂ ದನವನ್ನೂ ಒಂದೇ ವಿಶ್ವವಿದ್ಯಾನಿಲಯದಲ್ಲಿ ಕಲಿಸಲಾಗುತ್ತಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಆ ವಿಜ್ಞಾನ ತನ್ನದೇ ಆದ ನೆಲೆ ಕಂಡುಕೊಂಡಿತು. ಅದರಿಂದ ಒಳ್ಳೆಯದೇ ಆಗಿದೆ. ಆದರೆ ರೈತನ ಮನೆಯಲ್ಲಿ ಹೊಲ ಬೇರೆಯಲ್ಲ, ಕೊಟ್ಟಿಗೆ ಬೇರೆಯಲ್ಲ. ನಾವು ಮಾತ್ರ ನಮ್ಮ ಕ್ಷೇತ್ರೋತ್ಸವಗಳಲ್ಲಿ ಬೆಳೆಯ ಬದುವಿನವರೆಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತೇವೆ.

ಐದು ನಿಮಿಷದ ತಪಾಸಣೆ

ಆರೋಗ್ಯವಾದ ದನದ ಕೂದಲು ಮೈಗೆ ಅಂಟಿ ನುಣುಪಾಗಿ ಹೊಳೆಯುತ್ತದೆ. ಕತ್ತಿನ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ ಬಿಟ್ಟರೆ ಕೂಡಲೆ ಮೊದಲಿನಂತಾಗುತ್ತದೆ. ಕೂದಲು ನಿಗುರಿ ನಿಂತು, ಬಣ್ಣ ಮಾಸಿ, ಎತ್ತಿದ ಚರ್ಮ ನಿಧಾನವಾಗಿ ಇಳಿದರೆ ಏನೋ ಕೊರತೆ ಇದೆ ಎಂದರ್ಥ.

ಪ್ರತಿದಿನ ಬೆಳಗ್ಗೆ ಬೆಳಕಿನಲ್ಲಿ ದನವನ್ನು ನಿಲ್ಲಿಸಿ ಈ ಕ್ರಮದಲ್ಲಿ ಕೈಯಾಡಿಸಿ: ಮೊದಲು ಕಿವಿಯ ಒಳಭಾಗ ಮತ್ತು ಕಣ್ಣಿನ ಸುತ್ತ, ಆಮೇಲೆ ಹೆಗಲು ಮತ್ತು ಗಂಗೆದೊಗಲು, ಅಲ್ಲಿಂದ ಮುಂಗಾಲಿನ ಕಂಕುಳು, ಬೆನ್ನು, ಕೆಚ್ಚಲಿನ ಬುಡ, ತೊಡೆಯ ಸಂದು, ಬಾಲದ ಬುಡ, ಕೊನೆಗೆ ಗೊರಸಿನ ಸಂದು. ಉಣ್ಣೆ ಅಡಗುವುದು ಇಂಥ ಮೆತ್ತನೆಯ ಜಾಗಗಳಲ್ಲಿಯೇ. ಬಿಸಿ, ಊತ, ಕೂದಲು ಉದುರಿದ ಜಾಗ, ಹಕ್ಕಳೆ, ಕೀವು, ವಾಸನೆ, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಅಂದೇ ಗಮನ ಕೊಡಬೇಕು. ಕಂಬಕ್ಕೋ ಗೋಡೆಗೋ ಮೈ ಉಜ್ಜುವ ದನ, ಒಂದೇ ಜಾಗವನ್ನು ಮತ್ತೆ ಮತ್ತೆ ನೆಕ್ಕುವ ದನ ತನ್ನ ತೊಂದರೆಯನ್ನು ತಾನೇ ತೋರಿಸುತ್ತಿರುತ್ತದೆ.

ಹೆಗಲು ಬಾವು

ಎತ್ತು ತನ್ನ ತೂಕದ ಹತ್ತರಲ್ಲೊಂದು ಭಾಗದಷ್ಟು ಎಳೆತವನ್ನು ಹಲವು ಗಂಟೆ ತಡೆದುಕೊಂಡು ದುಡಿಯಬಲ್ಲದು. 350 ಕಿಲೋ ತೂಕದ ಎತ್ತಿಗೆ ಇದು 35 ಕಿಲೋ ಆಯಿತು. ಈ ಭಾರವೆಲ್ಲ ಬೀಳುವುದು ನೊಗ ತಾಗುವ ಅಂಗೈ ಅಗಲದ ಚರ್ಮದ ಮೇಲೆ. ನೊಗ ಒರಟಾಗಿದ್ದರೆ, ಎತ್ತುಗಳ ಎತ್ತರ ಸಮನಾಗಿಲ್ಲದಿದ್ದರೆ, ಬೇಸಿಗೆಯೆಲ್ಲ ಸುಮ್ಮನೆ ಕಟ್ಟಿದ್ದ ಎತ್ತನ್ನು ಮೊದಲ ದಿನವೇ ಇಡೀ ದಿನ ಹೂಡಿದರೆ, ಬೆವರು, ಮಣ್ಣು, ಮಳೆನೀರು ಸೇರಿ ಚರ್ಮ ಮೆತ್ತಗಾಗಿದ್ದರೆ ಹೆಗಲು ಕೆಡುತ್ತದೆ.

ಬಾವು ಬರುವುದು ಹಂತ ಹಂತವಾಗಿ. ಮೊದಲು ಬಿಸಿ ಮತ್ತು ನೋವಿನ ಊತ, ಆಮೇಲೆ ಕೂದಲು ಉದುರಿ ಚರ್ಮ ಕೀಳುತ್ತದೆ, ಆಮೇಲೆ ಕೀವು, ಕೊನೆಗೆ ಗಟ್ಟಿಯಾದ ಗೆಡ್ಡೆ. ಮೊದಲ ಹಂತದಲ್ಲಿ ಗುರುತಿಸಿದರೆ ಖರ್ಚು ಇಲ್ಲವೆಂದೇ ಹೇಳಬೇಕು. ನೊಗ ಹೂಡುವುದನ್ನು ನಿಲ್ಲಿಸಿ, ಮೊದಲ ದಿನ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಇಡಬೇಕು. ಮಾರನೆಯ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನ ಶಾಖ ಕೊಡಬೇಕು. ಚರ್ಮ ಕಿತ್ತಿದ್ದರೆ ತಿಳಿ ಗುಲಾಬಿ ಬಣ್ಣ ಬರುವಷ್ಟೇ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒತ್ತಿ, ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಬೇಕು. ಸುತ್ತ ಬೇವಿನೆಣ್ಣೆ ಸವರಿದರೆ ನೊಣ ಕೂರುವುದು ಕಡಿಮೆಯಾಗುತ್ತದೆ. ಮಾದ ಮೇಲೂ ಹೊಸ ಚರ್ಮ ಗಟ್ಟಿಯಾಗುವವರೆಗೆ ಹೂಡಬಾರದು. ಕೀವು ತುಂಬಿದ್ದರೆ ಅಥವಾ ಗೆಡ್ಡೆ ಕಟ್ಟಿದ್ದರೆ ಅದು ಪಶುವೈದ್ಯರ ಕೆಲಸ. ಮನೆಯಲ್ಲಿ ಬ್ಲೇಡು ಹಾಕಬಾರದು, ಬರೆಯನ್ನಂತೂ ಎಳೆಯಲೇಬಾರದು. ಬರೆಯಿಂದ ಒಂದು ಗಾಯ ಎರಡಾಗುತ್ತದೆಯೇ ಹೊರತು ಬಾವು ವಾಸಿಯಾಗುವುದಿಲ್ಲ.

ಗಾಯದಲ್ಲಿ ಹುಳು ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಕೆಲವು ನಿಮಿಷ ಇಟ್ಟರೆ ಹುಳುಗಳು ಮೇಲೆ ಬರುತ್ತವೆ. ಅವುಗಳನ್ನು ಚಿಮುಟದಿಂದ ಒಂದೂ ಬಿಡದೆ ತೆಗೆದು, ಗಾಯ ತೊಳೆದು ಮುಲಾಮು ಹಚ್ಚಬೇಕು. ಗಾಯ ಆಳವಾಗಿದ್ದರೆ ಅಥವಾ ಕಣ್ಣಿನ ಬಳಿ ಇದ್ದರೆ ತಾವಾಗಿ ಕೈಹಾಕದೆ ವೈದ್ಯರನ್ನು ಕರೆಯುವುದು ಲೇಸು.

ಇಷ್ಟೆಲ್ಲ ಮಾಡಿ ಅದೇ ಒರಟು ನೊಗವನ್ನು ಮತ್ತೆ ಇಟ್ಟರೆ ಫಲವೇನು? ನೊಗದ ಅಡಿಭಾಗವನ್ನು ನಯವಾಗಿ ಕೆತ್ತಿಸಿ, ಹೆಗಲಿಗೆ ಅಗಲವಾಗಿ ಕೂರುವಂತೆ ಮಾಡಿಸಿ, ಮೆತ್ತೆ ಕಟ್ಟಬೇಕು. ಸಮ ಎತ್ತರದ ಎತ್ತುಗಳನ್ನು ಜೋಡಿ ಮಾಡಬೇಕು. ಮುಂಗಾರಿಗೆ ಒಂದು ವಾರ ಮುಂಚೆಯೇ ದಿನಕ್ಕೆ ಒಂದೆರಡು ಗಂಟೆ ಹೂಡಿ ಹೆಗಲನ್ನು ಪಳಗಿಸಬೇಕು. ಕೆಲಸ ಮುಗಿದ ಮೇಲೆ ಹೆಗಲನ್ನು ತೊಳೆದು ಒರೆಸಬೇಕು. 1965ರ ನಿಯಮಗಳ ಪ್ರಕಾರ ದುಡಿಯುವ ದನವನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಗಾಯವಾದ ದನವನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾನೂನಿನ ಭಯಕ್ಕಿಂತ ನಮ್ಮ ಲಾಭನಷ್ಟದ ಲೆಕ್ಕವೇ ಇದನ್ನು ಚೆನ್ನಾಗಿ ಹೇಳುತ್ತದೆ: ಮೂರು ದಿನದ ಬಿಡುವು ಕೊಡದವನು ಮೂರು ವಾರ ಕಳೆದುಕೊಳ್ಳುತ್ತಾನೆ.

ಉಣ್ಣೆಯೂ ಒಂದು ಕಳೆಯೇ

ಉಣ್ಣೆಯ ವಿಷಯದಲ್ಲಿ ರೈತರಿಗೆ ತಿಳಿದ ಒಂದು ಹೋಲಿಕೆ ಕೊಡುತ್ತೇನೆ. ಕಳೆ ಬೀಜ ಉದುರಿಸುವ ಮುಂಚೆ ಕಿತ್ತರೆ ಒಂದು ವರ್ಷದ ಕೆಲಸ. ಉದುರಿದ ಮೇಲೆ ಹಲವು ವರ್ಷದ ಕೆಲಸ. ಉಣ್ಣೆಯೂ ಹಾಗೆಯೇ. ನಮ್ಮ ದನಗಳಲ್ಲಿ ಸಾಮಾನ್ಯವಾಗಿ ಕಾಣುವ ನೀಲಿ ಉಣ್ಣೆ ಸುಮಾರು ಮೂರು ವಾರ ದನದ ಮೈಮೇಲಿರುತ್ತದೆ. ಹೆಣ್ಣು ಉಣ್ಣೆ ರಕ್ತ ಹೀರಿ ಹರಳು ಬೀಜದಂತೆ ಉಬ್ಬಿ ನೆಲಕ್ಕೆ ಬಿದ್ದು, ಗೋಡೆಯ ಬಿರುಕು, ಗೋದಲಿಯ ಸಂದು, ಸಗಣಿಯ ರಾಶಿಗಳಲ್ಲಿ ಎರಡು ಮೂರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಮೈಮೇಲಿನ ಉಣ್ಣೆಗೆ ಔಷಧಿ ಹಾಕಿ ಕೊಟ್ಟಿಗೆಯನ್ನು ಬಿಟ್ಟವನು, ಸಾಲಿನ ಕಳೆ ಕಿತ್ತು ಬದುವಿನ ಕಳೆಯನ್ನು ಬೀಜಕ್ಕೆ ಬಿಟ್ಟವನಂತೆ. ಆದುದರಿಂದ ಬಿರುಕುಗಳನ್ನು ಮುಚ್ಚಿಸಿ, ಗೋಡೆಗೆ ಸುಣ್ಣ ಬಳಿದು, ಕಸ ತೆಗೆದು, ಮೂರು ವಾರ ಕಳೆದ ಮೇಲೆ ದನಗಳ ಮೈಯನ್ನು ಮತ್ತೊಮ್ಮೆ ಉಪಚರಿಸಬೇಕು.

ಉಣ್ಣೆ ರಕ್ತ ಕುಡಿಯುವುದಷ್ಟೇ ಅಲ್ಲ, ಥೈಲೇರಿಯಾ ಮತ್ತು ಕೆಂಪು ಮೂತ್ರದ ರೋಗಗಳನ್ನೂ ಅಂಟಿಸುತ್ತದೆ. ಮಿಶ್ರತಳಿ ಹಸುಗಳು ನಾಡತಳಿಗಳಿಗಿಂತ ಇವುಗಳಿಗೆ ಬೇಗ ತುತ್ತಾಗುತ್ತವೆ. ಮಲೆನಾಡಿನಲ್ಲಿ ಇನ್ನೊಂದು ಮುಖವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಕಾಡಿನ ಉಣ್ಣೆಯಿಂದ. ಕಾಡಿಗೆ ಮೇಯಲು ಹೋಗುವ ದನಗಳಿಗೆ ಈ ರೋಗದ ಬಾಧೆ ಇಲ್ಲದಿದ್ದರೂ, ಬಲಿತ ಉಣ್ಣೆಗಳಿಗೆ ಅವು ಆಹಾರವಾಗುವುದರಿಂದ ಉಣ್ಣೆಯ ಸಂಖ್ಯೆ ಹೆಚ್ಚುತ್ತದೆ. ಅಲ್ಲಿ ದನದ ಮೈ ನೋಡುವುದೆಂದರೆ ಮನೆಮಂದಿಯನ್ನು ಕಾಪಾಡಿಕೊಂಡಂತೆಯೂ ಹೌದು. ಕೈಯಿಂದ ತೆಗೆದ ಉಣ್ಣೆಯನ್ನು ಬೆರಳಿನಲ್ಲಿ ಹಿಸುಕಬಾರದು; ಚಿಮುಟದಿಂದ ತೆಗೆದು ಸೀಮೆಎಣ್ಣೆಗೋ ಸೋಪಿನ ನೀರಿಗೋ ಹಾಕಬೇಕು.

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಳೆಗೆ ಸಿಂಪಡಿಸುವ ಕೀಟನಾಶಕದ ಬಾಟಲಿಯನ್ನು ರೈತರ ಮನೆಗೆ ತಲುಪಿಸಿದವರಲ್ಲಿ ನಾವೂ ಇದ್ದೇವೆ. ಹೊಲದಲ್ಲಿ ಉಳಿದ ಔಷಧಿ ಹಟ್ಟಿಗೆ ಹೋಗುತ್ತದೆಂದು ನಾವು ಯೋಚಿಸಲಿಲ್ಲ. ಹಿಂದೆ ಬಿ.ಎಚ್.ಸಿ. ಪುಡಿಯನ್ನು ಎಷ್ಟೋ ಮನೆಗಳಲ್ಲಿ ದನದ ಮೈಗೆ ಉಜ್ಜುತ್ತಿದ್ದರು. 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಪುಡಿ ಹೋಯಿತು, ಅಭ್ಯಾಸ ಉಳಿಯಿತು. ಈಗಲೂ ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ಗಳನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಉಣ್ಣೆಗೆ ಹಚ್ಚುವವರಿದ್ದಾರೆ. ಚರ್ಮ ಇದನ್ನು ಹೀರಿಕೊಳ್ಳುತ್ತದೆ, ದನ ನೆಕ್ಕಿಕೊಳ್ಳುತ್ತದೆ. ಬಾಯಲ್ಲಿ ಜೊಲ್ಲು ಸುರಿದು, ಮೈ ನಡುಗಿ, ಉಸಿರು ಕಟ್ಟಿ ಸಾಯಬಹುದು. ಹಾಲಿನಲ್ಲಿಯೂ ವಿಷದ ಅಂಶ ಸೇರುತ್ತದೆ, ಆ ಹಾಲನ್ನು ನಮ್ಮ ಮಕ್ಕಳೇ ಕುಡಿಯುತ್ತಾರೆ. ರಾಸಾಯನಿಕದ ಹೆಸರು ಒಂದೇ ಆಗಿದ್ದರೂ ಬೆಳೆಯ ಔಷಧಿಯ ಪ್ರಮಾಣ ಬೇರೆ, ಅದನ್ನು ಕರಗಿಸಿದ ದ್ರಾವಕ ಬೇರೆ. ಬೆಳೆಯ ಬಾಟಲಿ ಕೊಟ್ಟಿಗೆಯ ಬಾಗಿಲು ದಾಟಬಾರದು. ಅಕಸ್ಮಾತ್ ಇಂಥ ಲಕ್ಷಣ ಕಂಡರೆ ಮೈಯನ್ನು ಸೋಪಿನ ನೀರಿನಿಂದ ತೊಳೆದು, ಕೂಡಲೆ ಪಶುವೈದ್ಯರನ್ನು ಕರೆದು, ಬಾಟಲಿಯನ್ನೂ ತೋರಿಸಬೇಕು.

ದನಗಳಿಗೆಂದೇ ತಯಾರಾದ ಔಷಧಿಗಳಿವೆ. ಉದಾಹರಣೆಗೆ, ಶೇಕಡ 12.5ರ ಅಮಿಟ್ರಾಜ್ ದ್ರಾವಣವನ್ನು ಒಂದು ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ ಮೈಗೆ ಹಚ್ಚಬಹುದು. ಕುದುರೆಗೆ ಮಾತ್ರ ಇದು ಸಲ್ಲದು. ಹಚ್ಚುವ ಮುಂಚೆ ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಮೈ ಒಣಗುವವರೆಗೆ ನೆಕ್ಕದಂತೆ ಬಾಯಿಕುಕ್ಕೆ ಹಾಕಬೇಕು. ಗಾಯವಿರುವ ಜಾಗ, ಎಳೆಗರು, ಉರಿಬಿಸಿಲು ಈ ಮೂರನ್ನೂ ತಪ್ಪಿಸಬೇಕು. ಹಾಲನ್ನು ಎಷ್ಟು ದಿನ ಬಳಸಬಾರದೆಂದು ಚೀಟಿಯಲ್ಲಿ ಬರೆದಿರುತ್ತದೆ, ಅದನ್ನು ಪಾಲಿಸಬೇಕು. ಉಣ್ಣೆಗೆ ಕೊಡುವ ಚುಚ್ಚುಮದ್ದನ್ನು ಹಾಲು ಕರೆಯುವ ಹಸುವಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಗುಂಡು ಗುಂಡಾದ ಮಚ್ಚೆ

ಕರುಗಳ ಕಣ್ಣಿನ ಸುತ್ತ, ಮುಖದ ಮೇಲೆ, ಕತ್ತಿನಲ್ಲಿ ನಾಣ್ಯದಂತೆ ಗುಂಡಾಗಿ ಕೂದಲು ಉದುರಿ, ಬೂದಿ ಬಣ್ಣದ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಶಿಲೀಂಧ್ರ. ಎಲೆಚುಕ್ಕೆ ರೋಗದಂತೆಯೇ ಇದೂ ತೇವ, ಕತ್ತಲೆ, ಒತ್ತೊತ್ತಾಗಿ ಕಟ್ಟುವುದು ಇವುಗಳಿಂದ ಹರಡುತ್ತದೆ. ಹಕ್ಕಳೆಯನ್ನು ಸೋಪಿನ ನೀರಿನಿಂದ ನೆನೆಸಿ ಮೆಲ್ಲಗೆ ತೆಗೆದು, ಅದನ್ನು ಎಲ್ಲೆಂದರಲ್ಲಿ ಎಸೆಯದೆ ಸುಟ್ಟುಬಿಡಬೇಕು. ಮಚ್ಚೆಗೆ ಕೆಲವು ದಿನ ಟಿಂಚರ್ ಅಯೋಡಿನ್ ಹಚ್ಚಬೇಕು, ಕಣ್ಣಿಗೆ ತಾಗಬಾರದು. ಕರುವನ್ನು ಬೇರೆ ಕಟ್ಟಿ ಬೆಳಗಿನ ಬಿಸಿಲು ಕಾಣಿಸಬೇಕು. ಇದು ಮನುಷ್ಯರಿಗೂ ಅಂಟುತ್ತದೆ. ಕರುವಿನ ಕೊರಳು ತಬ್ಬಿ ಆಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಅಲಕ್ಷಿಸಬಾರದು. ಆರೈಕೆ ಮಾಡಿದವರು ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು.

ಚರ್ಮ ಹೇಳುವ ಒಳಗಿನ ಮಾತು

ಬತ್ತದ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಕಂಡರೆ ನಾವು ಸತುವಿನ ಕೊರತೆ ಎನ್ನುತ್ತೇವೆ, ಎಲೆಗೆ ಮುಲಾಮು ಹಚ್ಚುವುದಿಲ್ಲ. ದನದ ಚರ್ಮವೂ ಹಾಗೆ ಒಳಗಿನ ಕೊರತೆಯನ್ನು ತೋರಿಸುತ್ತದೆ. ಸತು ಸಾಲದಿದ್ದರೆ ಚರ್ಮ ದಪ್ಪವಾಗಿ ಬಿರಿಯುತ್ತದೆ, ಗಾಯ ಬೇಗ ಮಾಯುವುದಿಲ್ಲ. ತಾಮ್ರ ಸಾಲದಿದ್ದರೆ ಕೂದಲಿನ ಬಣ್ಣ ಮಾಸಿ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳುಚಾಗುತ್ತದೆ. ವರ್ಷವಿಡೀ ಬರಿಯ ಒಣಹುಲ್ಲಿನ ಮೇಲೆ ಸಾಕಿದ ಹಸುವಿಗೆ ಎಷ್ಟು ಎಣ್ಣೆ ಸವರಿದರೂ ಮೈ ಹೊಳೆಯಲಾರದು. ಹಸಿರು ಮೇವಿನೊಂದಿಗೆ ದಿನಕ್ಕೆ 30ರಿಂದ 50 ಗ್ರಾಂ ಖನಿಜ ಮಿಶ್ರಣ ಕೊಡುವುದು ಒಳ್ಳೆಯದು.

ಕಳೆಗಳೂ ಚರ್ಮದ ಮೇಲೆ ಸಹಿ ಹಾಕುತ್ತವೆ. ಬರಗಾಲದಲ್ಲಿ ಮೇವಿಲ್ಲದೆ ಲಂಟಾನ ತಿಂದ ದನದ ಯಕೃತ್ತು ಕೆಟ್ಟು, ಬಿಸಿಲು ಬಿದ್ದ ಕಡೆ, ಅದರಲ್ಲೂ ಬಿಳಿಯ ಚರ್ಮವಿರುವ ಕಡೆ, ಸುಟ್ಟಂತೆ ಕೆಂಪಾಗಿ ಸುಲಿಯುತ್ತದೆ. ದನ ಮೇವು ಬಿಟ್ಟು ನೆರಳು ಹುಡುಕುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಇದನ್ನು ಬಿಸಿಲಿನ ಬೊಬ್ಬೆಯೆಂದು ತಿಳಿದು ಎಣ್ಣೆ ಹಚ್ಚಿ ಕೂತರೆ ದನ ಉಳಿಯುವುದಿಲ್ಲ. ಕೂಡಲೆ ನೆರಳಿಗೆ ಕಟ್ಟಿ ವೈದ್ಯರನ್ನು ಕರೆಯಬೇಕು. ಬದುವಿನ ಲಂಟಾನವನ್ನು, ಹೊಲದ ಪಾರ್ಥೇನಿಯಂ ಕಳೆಯನ್ನು ಕೀಳಿರಿ ಎಂದು ನಾವು ಹೇಳುವುದು ಬೆಳೆಗಾಗಿ ಮಾತ್ರವಲ್ಲ. ಪಾರ್ಥೇನಿಯಂ ದನದ ಚರ್ಮಕ್ಕೂ ಮನುಷ್ಯನ ಚರ್ಮಕ್ಕೂ ಆಗದ ಗಿಡ.

ಯಾವುದು ಸಣ್ಣದಲ್ಲ?

ಸಣ್ಣದನ್ನು ಮನೆಯಲ್ಲಿ ಉಪಚರಿಸಿ ಎಂದೆ. ಹಾಗಾದರೆ ಯಾವುದು ಸಣ್ಣದಲ್ಲ ಎಂಬುದೂ ತಿಳಿದಿರಬೇಕು. ಜ್ವರದೊಂದಿಗೆ ಮೈತುಂಬ 2ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿ ಗಂಟುಗಳೆದ್ದರೆ ಅದು ಚರ್ಮಗಂಟು ರೋಗವಿರಬಹುದು. ನಮ್ಮ ದೇಶದಲ್ಲಿ ಇದು ಮೊದಲು 2019ರಲ್ಲಿ ಒಡಿಶಾದಲ್ಲಿ ಕಂಡಿತು. 2022ರಲ್ಲಿ ನಮ್ಮ ರಾಜ್ಯವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಬಹಳ ದನಗಳು ಸತ್ತವು. ಸೊಳ್ಳೆ, ನೊಣ, ಉಣ್ಣೆಗಳು ಇದನ್ನು ಹರಡುತ್ತವೆ. ಇಂಥ ದನವನ್ನು ಬೇರೆ ಕಟ್ಟಿ, ಸಂತೆಗೆ ಒಯ್ಯದೆ, ಅಂದೇ ಪಶು ಆಸ್ಪತ್ರೆಗೆ ತಿಳಿಸಬೇಕು. ಲಸಿಕೆಯನ್ನು ಮುಂಚೆಯೇ ಹಾಕಿಸಿರಬೇಕು.

ಇನ್ನುಳಿದಂತೆ ಮೂರು ಗುರುತುಗಳನ್ನು ನೆನಪಿಡಿ. ಚರ್ಮದ ತೊಂದರೆಯ ಜೊತೆಗೆ ದನ ಮೇವು ಬಿಟ್ಟಿದ್ದರೆ, ಮೈಬಿಸಿ ಸಾಮಾನ್ಯವಾದ 101.5 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಸ್ಪಷ್ಟವಾಗಿ ಏರಿದ್ದರೆ, ಇಲ್ಲವೆ ಒಂದು ವಾರ ಆರೈಕೆ ಮಾಡಿದರೂ ಗಾಯ ಕುಗ್ಗದೆ ಹಿಗ್ಗುತ್ತಿದ್ದರೆ ಅದು ಮನೆಮದ್ದಿನ ಕೆಲಸವಲ್ಲ. ಪಶು ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಬಹುದು.

ಬಿಡುವಿಲ್ಲ ಎನ್ನುವವರಿಗೆ

"ಇದಕ್ಕೆಲ್ಲ ಬಿಡುವೆಲ್ಲಿ?" ಎಂದು ರೈತರು ಕೇಳಬಹುದು. ಕೂಲಿಯಾಳು ಸಿಗದ ಈ ಕಾಲದಲ್ಲಿ ಅವರ ಕಷ್ಟ ನನಗೆ ತಿಳಿಯದ್ದಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಕೊಟ್ಟಿಗೆಯ ಕೆಲಸ ಮಾಡುವವರು ಹೆಣ್ಣುಮಕ್ಕಳು. ದನದ ಮೈಯಲ್ಲಾದ ಬದಲಾವಣೆ ಮೊದಲು ತಿಳಿಯುವುದು ಅವರಿಗೇ. ಅವರು ಹೇಳಿದಾಗ "ಆಮೇಲೆ ನೋಡೋಣ" ಎನ್ನದೆ ಎದ್ದು ಹೋಗಿ ನೋಡುವುದೇ ಗಂಡಸರು ಮಾಡಬೇಕಾದ ಅರ್ಧ ಕೆಲಸ. ತರಬೇತಿಗಳಿಗೂ ಅವರನ್ನೇ ಕರೆಯಬೇಕು. ನಾವು ವಿಜ್ಞಾನಿಗಳೂ ಕ್ಷೇತ್ರೋತ್ಸವದಲ್ಲಿ ಬೆಳೆ ತೋರಿಸಿದ ಮೇಲೆ ಒಬ್ಬ ಪಶುವೈದ್ಯರನ್ನು ಜೊತೆಗಿಟ್ಟುಕೊಂಡು ಅದೇ ಊರಿನ ಒಂದು ಕೊಟ್ಟಿಗೆಗೆ ಹೋಗಬೇಕು. ಇದಕ್ಕೆ ಹೊಸ ಯೋಜನೆಯೇನೂ ಬೇಡ, ಇನ್ನೊಂದು ಗಂಟೆ ನಿಲ್ಲುವ ಮನಸ್ಸಿದ್ದರೆ ಸಾಕು.

ರಾಗಿಯ ಗರಿ ತೋರಿಸಿದ ಆ ರೈತರ ವಿಷಯಕ್ಕೆ ಹಿಂದಿರುಗುತ್ತೇನೆ. ಅಂದು ಅವರ ಎತ್ತಿನ ಗಾಯವನ್ನು ಇಬ್ಬರೂ ಸೇರಿ ತೊಳೆದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ನೊಗವನ್ನು ಎತ್ತಿ ನೋಡಿದಾಗ ಅದರ ಅಡಿಯಲ್ಲಿ ಬೆರಳು ಗಾತ್ರದ ಗಂಟೊಂದು ಚಾಚಿಕೊಂಡಿತ್ತು. ಅವರು ಅದರ ಮೇಲೆ ಬೆರಳಾಡಿಸಿ, "ಇಷ್ಟು ದಿನ ಇದನ್ನು ನಾನು ನೋಡ್ಲೇ ಇಲ್ವಲ್ಲ ಸಾರ್" ಎಂದು ಸುಮ್ಮನಾದರು. ತಿಂಗಳು ಬಿಟ್ಟು ಹೋದಾಗ ಗಾಯ ಮಾದು ಹೊಸ ಕೂದಲು ಬರುತ್ತಿತ್ತು. ನೊಗವನ್ನು ಆಚಾರಿಯ ಬಳಿ ಕೆತ್ತಿಸಿ ತಂದಿದ್ದರು. ನಾನು ಹೆಗಲ ಮೇಲೆ ಕೈಯಿಟ್ಟೆ. ಎತ್ತು ಮೈ ಝಾಡಿಸಲಿಲ್ಲ.

ರೈತ ಬಾಂಧವರೆ, ನಾಳೆ ಬೆಳಗ್ಗೆ ಹೊಲಕ್ಕೆ ಹೊರಡುವ ಮುಂಚೆ ಐದು ನಿಮಿಷ ಕೊಟ್ಟಿಗೆಯಲ್ಲಿ ನಿಲ್ಲಿರಿ. ಬೆಳೆಯ ಎಲೆಯನ್ನು ನೋಡುವ ಅದೇ ಕಣ್ಣಿನಿಂದ ದನದ ಮೈಯನ್ನು ನೋಡಿರಿ, ಕೈಯಿಂದ ಮುಟ್ಟಿರಿ. ಸಾಸಿವೆ ಕಾಳಿನಷ್ಟಿದ್ದಾಗ ಕಂಡ ಗಾಯಕ್ಕೆ ನೀರು, ಉಪ್ಪು, ವಿಶ್ರಾಂತಿ ಸಾಕು. ಅಂಗೈ ಅಗಲವಾದ ಮೇಲೆ ಕಂಡರೆ ಎಷ್ಟು ಖರ್ಚು ಮಾಡಿದರೂ ಸಾಲದೆ ಹೋಗಬಹುದು.